ಅರವತ್ತರ ಶಾಂತಿಗೆ ಅರವತ್ತು ಗಿಡ: ಮಲ್ಲೇಶ್ವರದ ಒಂದು ಕುಟುಂಬದ ಪ್ರಯಾಣದ ಲೆಕ್ಕ

ಮಲ್ಲೇಶ್ವರದ ಒಂದು ಕುಟುಂಬದ ಪ್ರಕರಣ ಇದು. ಮನೆಯ ಯಜಮಾನರು ಬ್ಯಾಂಕಿನಿಂದ ಆಗ ತಾನೆ ನಿವೃತ್ತರಾಗಿದ್ದರು. ಅವರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ಮಗ, ಸೊಸೆ, ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿ. ಮಗಳು, ಅಳಿಯ ಫ್ರಾಂಕ್‌ಫರ್ಟ್‌ನಲ್ಲಿ. ರಾಯರ ಅಕ್ಕ ಭಾವ ದೆಹಲಿಯಲ್ಲಿ, ಹೆಂಡತಿಯ ತಮ್ಮನ ಸಂಸಾರ ಮುಂಬೈಯಲ್ಲಿ. ಉಳಿದ ಬಂಧುಬಳಗವೆಲ್ಲ ಶಿವಮೊಗ್ಗ ಕಡೆ. ರಾಯರ ಅರವತ್ತರ ಶಾಂತಿಗೆ ಇವರೆಲ್ಲ ಬೆಂಗಳೂರಿಗೆ ಬರಬೇಕು.

ಆಮಂತ್ರಣ ಪತ್ರಿಕೆಯ ಕರಡಿನ ಕೊನೆಯಲ್ಲಿ ಮಗಳು ಒಂದು ಸಾಲು ಸೇರಿಸಿದ್ದಳು: "ಈ ಸಮಾರಂಭದ ಪ್ರಯಾಣಗಳಿಂದಾಗುವ ಇಂಗಾಲವನ್ನು 60 ಗಿಡ ನೆಟ್ಟು ಸರಿದೂಗಿಸುತ್ತಿದ್ದೇವೆ." ಅರವತ್ತು ವರ್ಷಕ್ಕೆ ಅರವತ್ತು ಗಿಡ. ಮನೆಯಲ್ಲಿ ಎಲ್ಲರಿಗೂ ಇಷ್ಟವಾಗಿತ್ತು. ಪತ್ರಿಕೆ ಪ್ರಿಂಟಿಗೆ ಹೋಗುವ ಮುಂಚೆ ಮಗಳಿಗೆ ಒಂದು ಅನುಮಾನ ಬಂತು. ಅರವತ್ತು ಗಿಡ ನಿಜವಾಗಿ ಸಾಕಾಗುತ್ತಾ? ನಾನು ಕಾರ್ಖಾನೆ, ಕಟ್ಟಡಗಳಲ್ಲಿ ಇಂಧನ ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಲೆಕ್ಕ ಹಾಕುವ ಕೆಲಸ ಮಾಡುವುದು ಅವಳಿಗೆ ಗೊತ್ತಿತ್ತು. ಹಾಗಾಗಿ ಕರಡು ನನ್ನ ಹತ್ತಿರ ಬಂತು.

ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಇಂಥ ಸಾಲು ಈಗ ಮದುವೆ, ಗೃಹಪ್ರವೇಶ, ಕಂಪನಿಗಳ ವಾರ್ಷಿಕೋತ್ಸವದ ಪತ್ರಿಕೆಗಳಲ್ಲೂ ಕಾಣಿಸುತ್ತಿದೆ. ಬರೆಯುವವರ ಮನಸ್ಸು ಒಳ್ಳೆಯದೇ. ಅದಕ್ಕೇ ಅದರ ಹಿಂದಿನ ಲೆಕ್ಕ ಗಟ್ಟಿಯಾಗಿರಬೇಕು ಎಂಬುದು ನನ್ನ ಕಾಳಜಿ.

ಯಾರ ಪ್ರಯಾಣ ಎಷ್ಟು?

ಮೊದಲು ಬಸ್ಸಿನಿಂದ ಶುರು ಮಾಡಿದೆವು. ಶಿವಮೊಗ್ಗದಿಂದ 45 ಜನಕ್ಕೆ ಒಂದು ಬಸ್ ಮಾಡಿದ್ದರು. ಹೋಗಿ ಬರಲು ಸುಮಾರು 600 ಕಿಲೋಮೀಟರ್. ತುಂಬಿದ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಕೊಟ್ಟರೆ 130 ಲೀಟರ್ ಚಿಲ್ಲರೆ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಇಡೀ ಬಸ್ಸಿಗೆ 350 ಕಿಲೋ ಆಸುಪಾಸು. ಒಬ್ಬರ ಪಾಲಿಗೆ 8 ಕಿಲೋ.

ಇಲ್ಲಿ ರಾಯರು ನನ್ನನ್ನು ತಡೆದರು. "ನೋಡಿ ಇವ್ರೇ, ಒಂದು ಲೀಟರ್ ಡೀಸೆಲ್ಲೇ ಒಂದು ಕಿಲೋ ತೂಗಲ್ಲ. ಎರಡೂ ಮುಕ್ಕಾಲು ಕಿಲೋ ಹೊಗೆ ಎಲ್ಲಿಂದ ಬರುತ್ತೆ?" ಒಳ್ಳೆಯ ಪ್ರಶ್ನೆ. ಇಂಧನದಲ್ಲಿರುವುದು ಇಂಗಾಲ. ಉರಿಯುವಾಗ ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ತೂಕ ಜಾಸ್ತಿ ಆಗುವುದು ಅದರಿಂದ. ವಿಮಾನದ ಇಂಧನಕ್ಕೂ ಇದೇ ನಿಯಮ. ಒಂದು ಕಿಲೋ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್.

ಆಮೇಲೆ ದೆಹಲಿ. ಬೆಂಗಳೂರಿನಿಂದ ವಿಮಾನದ ದಾರಿಯಲ್ಲಿ ಸುಮಾರು 1,700 ಕಿಲೋಮೀಟರ್. ನಾವು ಸಾಮಾನ್ಯವಾಗಿ ಹತ್ತುವ ಏರ್‌ಬಸ್ 320 ಜಾತಿಯ ವಿಮಾನ ಇಷ್ಟು ದೂರಕ್ಕೆ ಐದೂವರೆಯಿಂದ ಆರು ಟನ್ ಇಂಧನ ಸುಡುತ್ತದೆ. 18 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್. 150 ಜನಕ್ಕೆ ಹಂಚಿದರೆ ತಲೆಗೆ 120 ಕಿಲೋ, ಹೋಗಿ ಬರಲು 240. ಅಕ್ಕ ಭಾವ ಇಬ್ಬರಿಗೂ ಸೇರಿ ಅರ್ಧ ಟನ್ ಹತ್ತಿರ.

ಬಸ್ಸಿನಲ್ಲಿ ಬರುವ 45 ಜನರಿಗಿಂತ ದೆಹಲಿಯಿಂದ ಹಾರಿ ಬರುವ ಇಬ್ಬರದೇ ಜಾಸ್ತಿ. ಈ ಸಾಲು ಕಾಗದದ ಮೇಲೆ ಬಂದಾಗ ಮನೆಯವರೆಲ್ಲ ಸ್ವಲ್ಪ ಹೊತ್ತು ಸುಮ್ಮನಾದರು.

ದೂರದ ಪ್ರಯಾಣಕ್ಕೆ ಇಷ್ಟು ಸುಲಭದ ಲೆಕ್ಕ ಸಿಗುವುದಿಲ್ಲ. ಯಾವ ವಿಮಾನ, ಎಲ್ಲಿ ಇಳಿದು ಹತ್ತುತ್ತಾರೆ, ಯಾವ ದರ್ಜೆ ಎಂಬುದರ ಮೇಲೆ ಬದಲಾಗುತ್ತದೆ. ಕಾಲು ಚಾಚಿ ಮಲಗುವ ಬಿಸಿನೆಸ್ ಕ್ಲಾಸ್ ಸೀಟು ಹೆಚ್ಚು ಜಾಗ ತಿನ್ನುವುದರಿಂದ ಅದರ ಪಾಲೂ ಕೆಲವು ಪಟ್ಟು ಹೆಚ್ಚು. ಸಾಮಾನ್ಯ ದರ್ಜೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೋಗಿ ಬರಲು ತಲೆಗೆ ಎರಡರಿಂದ ಎರಡೂವರೆ ಟನ್ ಎಂದು ಇಟ್ಟುಕೊಂಡೆವು. ಫ್ರಾಂಕ್‌ಫರ್ಟ್‌ಗೆ ಸುಮಾರು 1.2 ಟನ್. ಮುಂಬೈಗೆ 160 ಕಿಲೋ. ಮಗನ ಸಂಸಾರದ ಮೂವರಿಗೆ ಏಳು ಟನ್ ಹತ್ತಿರ. ಮಗಳು ಅಳಿಯನಿಗೆ ಎರಡೂವರೆ ಟನ್ ಹತ್ತಿರ. ಬಸ್ಸು, ಊರೊಳಗಿನ ಕಾರು, ಆಟೋ ಎಲ್ಲ ಸೇರಿಸಿದರೂ ಒಟ್ಟು ಹನ್ನೊಂದು ಟನ್ ಚಿಲ್ಲರೆ. ಅದರಲ್ಲಿ ಒಂಬತ್ತು ಟನ್ನಿಗೂ ಹೆಚ್ಚು ಐದೇ ಜನರದು. ಮಂಟಪದಲ್ಲಿ ಊಟಕ್ಕೆ ಕೂರುವವರು ಇನ್ನೂರೈವತ್ತು ಜನ!

ಭಾರತದಲ್ಲಿ ಒಬ್ಬ ಮನುಷ್ಯನ ಸರಾಸರಿ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ಎರಡು ಟನ್. ಕ್ಯಾಲಿಫೋರ್ನಿಯಾದಿಂದ ಒಬ್ಬರು ಒಂದು ಸಲ ಬಂದು ಹೋದರೆ ಅಷ್ಟೂ ಮುಗಿಯಿತು. ಪ್ರಪಂಚದಲ್ಲೂ ಇದೇ ಕಥೆ. 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೆ ಹನ್ನೊಂದು ಮಂದಿ ಎಂದು 2020ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಪ್ರಯಾಣಿಕರ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟಕ್ಕೆ ಕಾರಣ ನೂರಕ್ಕೆ ಒಬ್ಬರು.

ಇನ್ನೊಂದು ವಿಷಯವನ್ನು ಮಗಳೇ ಎತ್ತಿದಳು. ವಿಮಾನ ಬಿಡುವುದು ಇಂಗಾಲದ ಡೈಆಕ್ಸೈಡ್ ಒಂದನ್ನೇ ಅಲ್ಲ. ಎತ್ತರದ ತಣ್ಣನೆಯ ಗಾಳಿಯಲ್ಲಿ ಅದರ ಹಿಂದೆ ಬಿಳಿ ಗೆರೆಯ ಹಾಗೆ ಮೋಡ ಕಟ್ಟುತ್ತದಲ್ಲ, ಅದೂ ಶಾಖವನ್ನು ಹಿಡಿದಿಡುತ್ತದೆ. ನೈಟ್ರೋಜನ್ ಆಕ್ಸೈಡುಗಳದ್ದೂ ಒಂದು ಪಾಲಿದೆ. ಇದನ್ನೆಲ್ಲ ಸೇರಿಸಲು ಬ್ರಿಟನ್ ಸರ್ಕಾರದ ಮಾರ್ಗಸೂಚಿ ವಿಮಾನದ ಅಂಕಿಯನ್ನು 1.7ರಿಂದ ಗುಣಿಸಲು ಹೇಳುತ್ತದೆ. ಹಾಗೆ ಮಾಡಿದರೆ ನಮ್ಮ ಹನ್ನೊಂದು ಟನ್ ಹದಿನೆಂಟನ್ನು ದಾಟುತ್ತದೆ. ಟಿಕೆಟ್ ಮಾರುವ ಕಡೆ ಸಿಗುವ ಲೆಕ್ಕದಲ್ಲಿ ಇದು ಸೇರಿರುತ್ತದೆ ಎಂದು ನಂಬಿಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ.

ಅರವತ್ತು ಗಿಡ ಎಷ್ಟು ಹೀರುತ್ತದೆ?

ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ 20 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂಬ ಒರಟು ಅಂದಾಜು ಎಲ್ಲ ಕಡೆ ಓಡಾಡುತ್ತದೆ. ಜಾತಿ, ಮಣ್ಣು, ಮಳೆ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ಅದನ್ನೇ ಒಪ್ಪಿಕೊಂಡರೂ ಅರವತ್ತು ಮರಕ್ಕೆ ವರ್ಷಕ್ಕೆ 1.2 ಟನ್. ಹನ್ನೊಂದು ಟನ್ ಹೀರಲು ಒಂಬತ್ತು ವರ್ಷ. ಆದರೆ ಇದು ಬೆಳೆದ ಮರದ ಲೆಕ್ಕ. ಮೊಣಕಾಲುದ್ದದ ಗಿಡ ಮೊದಲ ಕೆಲವು ವರ್ಷ ಹೀರುವುದು ತೀರಾ ಕಡಿಮೆ. ಅದನ್ನೂ ಸೇರಿಸಿದರೆ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ, ಅದೂ ಅರವತ್ತಕ್ಕೆ ಅರವತ್ತೂ ಬದುಕಿದರೆ. ನಮ್ಮ ಬಯಲುಸೀಮೆಯಲ್ಲಿ ಜೂನ್ ತಿಂಗಳಲ್ಲಿ ನೆಟ್ಟ ಗಿಡಕ್ಕೆ ಮಾರ್ಚ್ ಏಪ್ರಿಲ್‌ನಲ್ಲಿ ನೀರು ಹಾಕುವವರಿಲ್ಲದಿದ್ದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ರಾಯರು ಬ್ಯಾಂಕಿನವರು. ಅವರಿಗೆ ಇದು ತಕ್ಷಣ ಹಿಡಿಯಿತು. "ಖರ್ಚು ಇವತ್ತೇ ಆಗೋಯ್ತು. ಜಮಾ ಮಾತ್ರ ಇಪ್ಪತ್ತು ವರ್ಷದ ಮೇಲೆ, ಅದೂ ಬಂದ್ರೆ ಬಂತು. ಇದನ್ನ ಇವತ್ತಿನ ಪಾಸ್‌ಬುಕ್‌ನಲ್ಲಿ ಸರಿಹೋಯ್ತು ಅಂತ ಬರೆಯೋಕೆ ಆಗುತ್ತಾ? ಯಾವ ಮ್ಯಾನೇಜರೂ ಸಹಿ ಹಾಕಲ್ಲ." ನಾನು ಎಷ್ಟೋ ಸಭೆಗಳಲ್ಲಿ ಇದನ್ನು ಬಿಡಿಸಿ ಹೇಳಲು ಒದ್ದಾಡಿದ್ದೇನೆ. ಇಷ್ಟು ಸಲೀಸಾಗಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಬದುಕಿದ ಮರವೂ ನಿಂತಿರಬೇಕು. ಸಾಲುಮರದ ತಿಮ್ಮಕ್ಕನವರನ್ನೇ ನೋಡಿ. ಹುಲಿಕಲ್‌ನಿಂದ ಕುದೂರಿನವರೆಗೆ ಗಂಡ ಹೆಂಡತಿ ಸೇರಿ ಬೆಳೆಸಿದ 385 ಆಲದ ಮರಗಳ ವಿಷಯದಲ್ಲಿ ನಾವು ಹೇಳಿಕೊಳ್ಳುವುದು ಅವರು ನೆಟ್ಟದ್ದನ್ನು. ನಿಜವಾದ ಕೆಲಸ ಬೇಸಿಗೆ ಬೇಸಿಗೆಯೂ ನೀರು ಹೊತ್ತದ್ದು, ದನ ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿದ್ದು. ಅಂಥ ಮರಗಳಿಗೂ 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯಿಂದ ಕುತ್ತು ಬಂದಿತ್ತು. ನಾಡಿಗೆ ನಾಡೇ ಹೆಸರು ಬಲ್ಲ ಮರಗಳ ಗತಿ ಹೀಗಾದರೆ, ಯಾವುದೋ ಲೇಔಟಿನ ಅಂಚಿನಲ್ಲಿ ನೆಟ್ಟ ಗಿಡ ನಲವತ್ತು ವರ್ಷ ನಿಲ್ಲುತ್ತದೆ ಎಂದು ಯಾರು ಬರೆದುಕೊಡುತ್ತಾರೆ? ಮರ ಕಡಿದು ಸುಟ್ಟ ದಿನ ಹೀರಿದ್ದೆಲ್ಲ ವಾಪಸ್ ಗಾಳಿಗೆ.

ಜಾಗದ ಪ್ರಶ್ನೆಯೂ ಬಂತು. ಪರಿಚಯದವರೊಬ್ಬರು ಹೆಸರಘಟ್ಟದ ಕಡೆ ಖಾಲಿ ಬಿದ್ದಿರುವ ಜಾಗವಿದೆ, ಅಲ್ಲೇ ನೆಡಿ ಎಂದರು. ನಾನು ಬೇಡವೇ ಬೇಡ ಎಂದೆ. ಅದು ಖಾಲಿ ಜಾಗ ಅಲ್ಲ, ಹುಲ್ಲುಗಾವಲು. ಬೆಂಗಳೂರಿನ ಸುತ್ತ ಉಳಿದಿರುವುದೇ ಅಷ್ಟು. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು, ಚಳಿಗಾಲಕ್ಕೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಹುಡುಕಿ ಬರುವುದು ಆ ಬಯಲನ್ನೇ. ಅಲ್ಲಿ ಮರ ನೆಟ್ಟರೆ ಹಕ್ಕಿಗಳ ಮನೆ ಹೋಗುತ್ತದೆ. ಹುಲ್ಲು ತನ್ನ ಬೇರಿನಲ್ಲಿ, ಮಣ್ಣಿನಲ್ಲಿ ಇಂಗಾಲ ಇಟ್ಟುಕೊಂಡಿರುತ್ತದೆ ಎಂಬುದೂ ಈ ಗಿಡ ನೆಡುವ ಉತ್ಸಾಹದಲ್ಲಿ ಮರೆತುಹೋಗುತ್ತದೆ.

ಟಿಕೆಟ್ ಜೊತೆ ಬರುವ ಟಿಕ್

ಮಗನ ಸಲಹೆ ಬೇರೆ ಇತ್ತು. ಟಿಕೆಟ್ ಬುಕ್ ಮಾಡುವಾಗಲೇ ಕೊನೆಯಲ್ಲಿ ಒಂದು ಚೌಕ ಬರುತ್ತದೆ, ಟಿಕ್ ಮಾಡಿ ಇಷ್ಟು ಕೊಟ್ಟರೆ ನಿಮ್ಮ ಪ್ರಯಾಣದ ಇಂಗಾಲ ಸರಿದೂಗುತ್ತದೆ ಎನ್ನುತ್ತದೆ. "ಅಪ್ಪ, ಊಟದ ಖರ್ಚಿಗಿಂತ ಕಡಿಮೆ. ಎಲ್ಲರ ಟಿಕೆಟ್ಟಿಗೂ ನಾನೇ ಹಾಕ್ತೀನಿ ಬಿಡು" ಎಂದ ಫೋನಿನಲ್ಲಿ.

ಆ ದುಡ್ಡು ಹೋಗುವುದು ಕಾರ್ಬನ್ ಕ್ರೆಡಿಟ್ ಕೊಳ್ಳಲು. ಒಂದು ಕ್ರೆಡಿಟ್ ಅಂದರೆ ಎಲ್ಲೋ ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ತಪ್ಪಿತು, ಅಥವಾ ಗಾಳಿಯಿಂದ ಒಂದು ಟನ್ ತೆಗೆಯಲಾಯಿತು ಎಂಬ ಪತ್ರ. ಹೊಗೆ ತಗ್ಗಿಸಲು ದೇಶಗಳು ಮಾಡಿಕೊಂಡ 1997ರ ಕ್ಯೋಟೋ ಒಪ್ಪಂದದ ನಂತರ ಇದರ ವ್ಯಾಪಾರ ಬೆಳೆಯಿತು. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಲ್ಲೂ ಕೆಲವು ಈ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿದ್ದವು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ. ಈ ಕ್ರೆಡಿಟ್ಟಿನ ದುಡ್ಡು ಬರದೇ ಇದ್ದಿದ್ದರೆ ಆ ಗಾಳಿಯಂತ್ರವನ್ನು ಹಾಕುತ್ತಲೇ ಇರಲಿಲ್ಲವೇ? ಕರೆಂಟು ಮಾರಿಯೇ ಲಾಭ ಬರುವ ಹಾಗಿದ್ದರೆ ಅದನ್ನು ಹೇಗೂ ಹಾಕುತ್ತಿದ್ದರು. ಆಗ ನಮ್ಮ ದುಡ್ಡಿನಿಂದ ಹೊಸದಾಗಿ ಏನೂ ಆಗಲಿಲ್ಲ, ನಮ್ಮ ಹೊಗೆ ಮಾತ್ರ ಹಾಗೇ ಉಳಿಯಿತು. ಕ್ಯೋಟೋ ವ್ಯವಸ್ಥೆಯ ಯೋಜನೆಗಳನ್ನು ನೋಡಿದ 2016ರ ಒಂದು ಜರ್ಮನ್ ಅಧ್ಯಯನ, ಅವುಗಳಲ್ಲಿ ನೂರಕ್ಕೆ 85ರಷ್ಟು ಯೋಜನೆಗಳಿಂದ ಹೇಳಿದಷ್ಟು ಹೆಚ್ಚುವರಿ ಉಳಿತಾಯ ಆಗಿರುವ ಸಾಧ್ಯತೆ ಕಡಿಮೆ ಎಂದಿತು. ಸೌರ, ಗಾಳಿ ವಿದ್ಯುತ್ ಅಗ್ಗವಾದ ಮೇಲೆ, ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಎಂಬ ದೊಡ್ಡ ಪ್ರಮಾಣಪತ್ರ ಸಂಸ್ಥೆಗಳೇ ತೀರಾ ಬಡ ದೇಶಗಳನ್ನು ಬಿಟ್ಟು ಬೇರೆ ಕಡೆಯ ಇಂಥ ಹೊಸ ಯೋಜನೆಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದವು.

ಕಾಡು ಉಳಿಸುವ ಕ್ರೆಡಿಟ್ಟಿನ ಪಾಡೂ ಇಷ್ಟೇ. 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮತ್ತು ಜೊತೆಗಾರರು ನಡೆಸಿದ ತನಿಖೆ, ವೆರಾ ಮಾನ್ಯ ಮಾಡಿದ ಮಳೆಕಾಡು ಕ್ರೆಡಿಟ್ಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪೊಳ್ಳು ಎಂದು ವರದಿ ಮಾಡಿತು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಆದರೆ ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯೂ ಹೆಚ್ಚಿನ ಯೋಜನೆಗಳಿಂದ ಕಾಡು ಕಡಿಯುವುದು ಹೇಳಿದಷ್ಟು ತಗ್ಗಿಲ್ಲ ಎಂದೇ ತೋರಿಸಿತು. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನ್ಯಾಯಾಲಯ, ಹಾರಾಟದ ಹೊಗೆಯನ್ನು ಸರಿದೂಗಿಸಬಹುದು ಎಂಬಂಥ ಕೆಎಲ್ಎಂ ವಿಮಾನ ಕಂಪನಿಯ ಜಾಹೀರಾತುಗಳು ಜನರನ್ನು ತಪ್ಪು ದಾರಿಗೆ ಎಳೆಯುತ್ತವೆ ಎಂದು ತೀರ್ಪು ಕೊಟ್ಟಿತು. ಕ್ರೆಡಿಟ್ ಕೊಂಡ ಮಾತ್ರಕ್ಕೆ ಒಂದು ವಸ್ತುವನ್ನು ಇಂಗಾಲ ಮುಕ್ತ ಎಂದು ಮಾರುವುದನ್ನು ಐರೋಪ್ಯ ಒಕ್ಕೂಟದ ಹೊಸ ಕಾನೂನು 2026ರ ಸೆಪ್ಟೆಂಬರ್ 27ರಿಂದ ನಿಷೇಧಿಸುತ್ತದೆ. ಮಗಳಿಗೆ ಇದು ಗೊತ್ತಿತ್ತು. "ಅಲ್ಲಿ ಕಂಪನಿ ಬರೆಯೋ ಹಾಗಿಲ್ಲದ್ದನ್ನ ನಾವು ಅಪ್ಪನ ಶಾಂತಿ ಪತ್ರಿಕೇಲಿ ಬರೆಯೋದಾ?" ಎಂದು ಅಣ್ಣನನ್ನು ಕೇಳಿದಳು.

ಬೆಲೆಯೇ ಸಂಶಯ ಹುಟ್ಟಿಸುತ್ತದೆ. ಮಾರುಕಟ್ಟೆಯಲ್ಲಿ ಒಂದು ಟನ್ನಿನ ಕ್ರೆಡಿಟ್ ಕೆಲವೇ ಡಾಲರಿಗೆ ಸಿಗುತ್ತದೆ. ನಮ್ಮ ಹನ್ನೊಂದು ಟನ್ನಿಗೆ ಐದಾರು ಸಾವಿರ ರೂಪಾಯಿ ಸಾಕು. ಆದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಿಂದ ಬೆಳೆ, ಆರೋಗ್ಯ, ಆಸ್ತಿಗೆ ಆಗುವ ಹಾನಿ 190 ಡಾಲರ್ ಎಂದು ಅಮೆರಿಕದ ಪರಿಸರ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು. ಆ ದರದಲ್ಲಿ ಅದೇ ಹನ್ನೊಂದು ಟನ್ನಿಗೆ ಒಂದು ಮುಕ್ಕಾಲು ಲಕ್ಷಕ್ಕೂ ಮೇಲೆ. ಐದು ಸಾವಿರ ಎಲ್ಲಿ, ಒಂದು ಮುಕ್ಕಾಲು ಲಕ್ಷ ಎಲ್ಲಿ!

ಸರ್ಕಾರಗಳ ಮಟ್ಟದಲ್ಲೂ ಒಂದು ವ್ಯವಸ್ಥೆ ಇದೆ. ಅಂತಾರಾಷ್ಟ್ರೀಯ ವಿಮಾನಗಳ ಹೊಗೆ 2019ರ ಮಟ್ಟದ ನೂರಕ್ಕೆ 85ನ್ನು ಮೀರಿದರೆ, ಮೀರಿದ್ದಕ್ಕೆ ಕಂಪನಿಗಳು ಕ್ರೆಡಿಟ್ ಕೊಳ್ಳಬೇಕು. ಭಾರತ ಇದಕ್ಕೆ ಸೇರುವುದು 2027ರಿಂದ. ಬೆಂಗಳೂರು–ದೆಹಲಿಯಂಥ ದೇಶದೊಳಗಿನ ಹಾರಾಟ ಇದರಲ್ಲಿ ಬರುವುದೇ ಇಲ್ಲ.

ತಾರೀಕು ಬದಲಿಸಿದ್ದು

ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಸಹಜ: ಹಾಗಾದ್ರೆ ಏನು ಮಾಡೋಣ? ಯಾರೂ ಬರಬೇಡಿ ಅನ್ನೋಣವಾ?

ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಹೇಳಬಾರದು ಕೂಡ. ಅಪ್ಪನ ಅರವತ್ತು ಮತ್ತೆ ಬರುವುದಿಲ್ಲ. ಆದರೆ ಪಟ್ಟಿಯಲ್ಲಿ ದೊಡ್ಡ ಅಂಕಿ ಎಲ್ಲಿದೆಯೋ ಅಲ್ಲಿಗೆ ಮೊದಲು ಕೈ ಹಾಕೋಣ ಎಂದೆ. ಮಗನ ಸಂಸಾರದ ಏಳು ಟನ್. ಮಾತಾಡುತ್ತಾ ಗೊತ್ತಾಯಿತು, ಅವರು ಶಾಂತಿಗೆ ಹತ್ತು ದಿನ ಬಂದು ಹೋಗಿ, ನಾಲ್ಕು ತಿಂಗಳ ಮೇಲೆ ಮಗುವಿನ ಚೌಲಕ್ಕೆ ಮತ್ತೆ ಬರುವವರಿದ್ದರು. ಚೌಲಕ್ಕೆ ಪುರೋಹಿತರು ಮುಹೂರ್ತವನ್ನೂ ನೋಡಿಕೊಟ್ಟಾಗಿತ್ತು, ಟಿಕೆಟ್ ದರ ವಿಚಾರಿಸಿಯೂ ಆಗಿತ್ತು.

ರಾಯರ ಹೆಂಡತಿ ಅಲ್ಲೇ ಫೋನ್ ತೆಗೆದು ಪುರೋಹಿತರಿಗೆ ಹಚ್ಚಿದರು. "ಶಾಂತಿ ಆದ ಹದಿನೈದು ದಿನದೊಳಗೆ ಚೌಲಕ್ಕೆ ಇನ್ನೊಂದು ದಿನ ನೋಡ್ಕೊಡಿ ಭಟ್ರೇ." ಸಿಕ್ಕಿತು. ಮಗ ಒಂದು ತಿಂಗಳು ಇದ್ದು ಮಲ್ಲೇಶ್ವರದ ಮನೆಯಿಂದಲೇ ಆಫೀಸ್ ಕೆಲಸ ಮಾಡುವುದು ಎಂದಾಯಿತು. ರಾತ್ರಿ ಹೊತ್ತು ಮೀಟಿಂಗು, ನಿದ್ದೆಗೆಟ್ಟ ಎಂಬುದು ನಿಜ. ಆದರೆ ಅಜ್ಜಿಗೆ ಮೊಮ್ಮಗ ಹತ್ತು ದಿನದ ಬದಲು ಒಂದು ತಿಂಗಳು ಸಿಕ್ಕಿದ. ಒಂದು ಫೋನ್ ಕಾಲಿನಿಂದ ತಪ್ಪಿದ್ದು ಏಳು ಟನ್. ಅರವತ್ತು ಬೆಳೆದ ಮರ ಆರು ವರ್ಷ ಹೀರುವಷ್ಟು, ಅದೂ ಇವತ್ತೇ. ಇಡೀ ಪ್ರಕರಣದಲ್ಲಿ ನಾನು ಯಾವ ಅನುಮಾನವೂ ಇಲ್ಲದೆ ಉಳಿತಾಯ ಎಂದು ಬರೆದುಕೊಂಡದ್ದು ಇದೊಂದನ್ನೇ. ಬರುವುದು ಖಚಿತವಾಗಿದ್ದ ಪ್ರಯಾಣ ತಪ್ಪಿತು. ಕ್ರೆಡಿಟ್ ಮಾರುವವರನ್ನು ಕೇಳಿದ ಪ್ರಶ್ನೆಯನ್ನೇ ನಮಗೂ ಹಾಕಿಕೊಂಡು ನೋಡಿದ್ದೇನೆ.

ಮುಂಬೈಯವರು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಒಪ್ಪಿದರು. ಸುಮಾರು ಒಂದು ದಿನದ ಪ್ರಯಾಣ, ಮಕ್ಕಳಿಗೆ ರಜೆ ಇತ್ತು. ದೆಹಲಿಯ ಅಕ್ಕನವರಿಗೆ ಮಂಡಿ ನೋವು. ಬರುವಾಗ ರಾಜಧಾನಿಯಲ್ಲಿ ಮಲಗಿಕೊಂಡು ಬರ್ತೀವಿ, ಹೋಗುವಾಗ ವಿಮಾನ, ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ ಎಂದರು. ಆಗಲಿ ಎಂದೆವು. ಇವೆರಡರಿಂದ ಸುಮಾರು ಮುಕ್ಕಾಲು ಟನ್ನಿನಷ್ಟು ಇಳಿಯಿತು.

ಉಳಿದದ್ದಕ್ಕೆ ದುಡ್ಡು

ತಪ್ಪಿದ ಏಳು ಟನ್ ಚೌಲಕ್ಕೆಂದು ಬರಬೇಕಿದ್ದ ಎರಡನೇ ಪ್ರಯಾಣದ್ದು, ಆ ಹನ್ನೊಂದರಲ್ಲಿ ಸೇರಿರಲಿಲ್ಲ. ಹಾಗಾಗಿ ಸಮಾರಂಭದ ಲೆಕ್ಕದಲ್ಲಿ ಇನ್ನೂ ಹತ್ತು ಟನ್ ಮೇಲೆ ಉಳಿದಿತ್ತು. ಅದು ಅಳಿಸಿಹೋಗುವುದಿಲ್ಲ ಎಂದು ಒಪ್ಪಿಕೊಂಡೇ, ಅದಕ್ಕೆ ತಕ್ಕ ದುಡ್ಡನ್ನು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡೋಣ ಎಂದಳು ಮಗಳು. ದರ 190 ಡಾಲರಿನದೇ. ಅಣ್ಣ ತಂಗಿ ತಮ್ಮ ತಮ್ಮ ಟನ್ನಿಗೆ ತಕ್ಕಂತೆ ಹಂಚಿಕೊಂಡರು. ಬಸ್ಸಿನವರ ಹತ್ತಿರ ಒಂದು ರೂಪಾಯಿಯನ್ನೂ ಕೇಳಕೂಡದು ಎಂದು ರಾಯರು ಪಟ್ಟು ಹಿಡಿದರು. ಸರಿಯಾದ ಮಾತು.

ಮಲ್ಲೇಶ್ವರದ ಮನೆಯ ಮೇಲೆಯೇ ಸೋಲಾರ್ ಹಾಕಿಸಿದರೆ ಹೇಗೆ ಎಂಬ ಮಾತು ಬಂತು. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಹೀಗೆ ಮೂರು ಕಿಲೋವ್ಯಾಟಿಗೆ ವರ್ಷಕ್ಕೆ ಮೂರು ಟನ್. ಅಂಕಿ ಚೆನ್ನಾಗಿದೆ. ಆದರೆ ಮೂರು ಕಿಲೋವ್ಯಾಟಿಗೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಬರುತ್ತದೆ, ಬಿಲ್ಲು ಉಳಿಯುವುದು ರಾಯರಿಗೇ. ಹೇಗೂ ಹಾಕಿಸಬೇಕು ಅಂದುಕೊಂಡಿದ್ದರು ಕೂಡ. ಹಾಕಿಸಿ, ಆದರೆ ಈ ಖಾತೆಗೆ ಸೇರಿಸಬೇಡಿ ಎಂದೆ. ತಮಗೇ ಲಾಭ ತರುವ ಕೆಲಸವನ್ನು ಪ್ರಾಯಶ್ಚಿತ್ತ ಎಂದು ಬರೆದುಕೊಳ್ಳಬಾರದು.

ಗೋಬರ್ ಗ್ಯಾಸ್ ಹೊಳೆದದ್ದು ಬಾಗೇಪಲ್ಲಿಯಿಂದ. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದ ಆ ತಾಲ್ಲೂಕಿನಲ್ಲಿ ಕೂಲಿ ಸಂಘದ ಮನೆಗಳಿಗೆ 5,500 ಗೋಬರ್ ಗ್ಯಾಸ್ ಘಟಕ ಕಟ್ಟಿಸುವ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ಕ್ಯೋಟೋ ವ್ಯವಸ್ಥೆಯಲ್ಲಿ ನೋಂದಣಿ ಆಗಿತ್ತು. ದೊಡ್ಡ ಕಂಪನಿಗಳ ಗಾಳಿಯಂತ್ರಗಳ ನಡುವೆ ಬಡವರ ಅಡುಗೆಮನೆಗೆ ಹೋದ ಅಪರೂಪದ ಯೋಜನೆ ಅದು. ಕ್ರೆಡಿಟ್ಟಿನ ದುಡ್ಡಿಲ್ಲದೆ ಆ ಮನೆಗಳಿಗೆ ಘಟಕ ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ರಾಯರಿಗೆ ತಾವೇ ಹೋಗಿ ನೋಡಬಹುದಾದ ಜಾಗ ಬೇಕಿತ್ತು. ಅರಸೀಕೆರೆ ತಾಲ್ಲೂಕಿನಲ್ಲಿ ಅವರು ಓದುವಾಗ ಇದ್ದ ಸಣ್ಣದೊಂದು ಉಚಿತ ವಿದ್ಯಾರ್ಥಿ ನಿಲಯ ಇದೆ. ಹಸುಗಳಿವೆ, ಹಿಂದೆ ಕಟ್ಟಿದ್ದ, ಇಟ್ಟಿಗೆ ಗುಮ್ಮಟದ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿಯೂ ಇದೆ. ಗುಮ್ಮಟ ಬಿರುಕು ಬಿಟ್ಟು ನಿಂತುಹೋಗಿತ್ತು. ಹೊಸದು ಕಟ್ಟಿಸುವ ಬದಲು ಅದನ್ನೇ ರಿಪೇರಿ ಮಾಡಿಸಿ, ಐದು ವರ್ಷದ ನಿರ್ವಹಣೆಗೆ ದುಡ್ಡು ಇಡುವುದು ಎಂದಾಯಿತು. ಈ ನಿರ್ವಹಣೆಯ ದುಡ್ಡು ನಾನು ಹಟ ಹಿಡಿದು ಸೇರಿಸಿದ್ದು. ಬಿರುಕು ಬಿಟ್ಟ ಗುಂಡಿಯಿಂದ ಸೋರುವುದು ಮೀಥೇನ್. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಎಂಬತ್ತು ಪಟ್ಟು ಬಿಸಿ ಮಾಡುತ್ತದೆ. ಸೋರುವ ಘಟಕ ಕಟ್ಟಿ ಮರೆತರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಗಾರೆ ಮೇಸ್ತ್ರಿ ಒಳಗಿಳಿದು ಗುಮ್ಮಟಕ್ಕೆ ಹೊಸ ಗಾರೆ ಹಾಕಿದ. ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿದೆವು. ಪೈಪಿನ ತಗ್ಗಿನಲ್ಲಿ ನೀರು ನಿಂತರೆ ಉರಿ ಕುಣಿಯುತ್ತದೆ, ಹಾಗಾಗಿ ಅಲ್ಲಿ ನೀರು ಬಿಡುವ ನಲ್ಲಿ ಇಟ್ಟೆವು. ಸಗಣಿಗೆ ಸಮ ನೀರು ಕಲಸಿ ಬಿಡುವ ಕೆಲಸ ಹಸು ನೋಡಿಕೊಳ್ಳುವವನದು, ಅದಕ್ಕೆ ಅವನಿಗೆ ಸಂಬಳದ ಮೇಲೆ ತಿಂಗಳಿಗಿಷ್ಟು. ಹೊರಗೆ ಬರುವ ಬಗ್ಗಡ ತೆಂಗಿನ ಬುಡಕ್ಕೆ.

ಕೆಲವು ತಿಂಗಳ ಮೇಲೆ ರಾಯರ ಜೊತೆ ಹೋಗಿ ನೋಡಿದಾಗ ಅಡುಗೆಯಮ್ಮ ನೇರವಾಗಿ ಹೇಳಿದರು. "ಸಾರಿಗೆ, ಹಾಲಿಗೆ, ಉಪ್ಪಿಟ್ಟಿಗೆ ಚೆನ್ನಾಗೈತೆ ಸಾರ್. ಹೊಗೆ ಇಲ್ಲ, ಕಣ್ಣುರಿ ಇಲ್ಲ. ಮುದ್ದೆಗೆ ಮಾತ್ರ ಆಗಲ್ಲ. ಅಷ್ಟು ದೊಡ್ಡ ಪಾತ್ರೆಗೆ ಉರಿ ಸಾಲಲ್ಲ, ಕೋಲು ಹಾಕಿ ತೊಳಸೋವಾಗ ಸ್ಟೌ ಅಲ್ಲಾಡ್ತದೆ." ಮೂಲೆಯಲ್ಲಿ ಸೌದೆ ಒಲೆ ಉರಿಯುತ್ತಲೇ ಇತ್ತು. ಪಕ್ಕದಲ್ಲಿ ತೆಂಗಿನ ಗರಿ, ಮಟ್ಟೆ, ಸೀಳಿದ ನೀಲಗಿರಿ.

ಆ ಒಲೆಯ ಮುಂದೆ ನಿಂತಾಗ ನನ್ನ ಲೆಕ್ಕದ ಪುಸ್ತಕದ ಒಂದು ಸಾಲು ಹೊಡೆದುಹಾಕಬೇಕಾಯಿತು. ಸಾಮಾನ್ಯವಾಗಿ ಇಂಥ ಯೋಜನೆಗಳಲ್ಲಿ ಸೌದೆ ಪೂರ್ತಿ ನಿಂತಿತು ಎಂದು ಬರೆದುಕೊಳ್ಳುತ್ತಾರೆ. ಇಲ್ಲಿ ನಿಂತಿರಲಿಲ್ಲ. ಉಳಿತಾಯವಾದ ಸೌದೆಯೂ ಎಂಥದ್ದು? ತೆಂಗಿನ ಗರಿ, ಮಟ್ಟೆ ಪ್ರತಿ ವರ್ಷ ಬೀಳುವಂಥವು. ನೀಲಗಿರಿಯ ಬುಡ ಕಡಿದರೆ ಮತ್ತೆ ಚಿಗುರುತ್ತದೆ, ಬಿಟ್ಟ ಇಂಗಾಲವನ್ನು ಬೆಳೆಯುತ್ತಾ ವಾಪಸ್ ಹೀರುತ್ತದೆ. ಅಂಥ ಸೌದೆ ಉಳಿಸಿದ್ದಕ್ಕೆ ದೊಡ್ಡ ಟನ್ನಿನ ಲೆಕ್ಕ ಬರೆಯಲಾಗದು. 2024ರಲ್ಲಿ, ಹೊಸ ಬಗೆಯ ಒಲೆ ಹಂಚಿ ಪಡೆಯುವ ಕ್ರೆಡಿಟ್ಟುಗಳನ್ನು ಪರಿಶೀಲಿಸಿದ ಸಂಶೋಧಕರು, ತಾವು ನೋಡಿದ ಯೋಜನೆಗಳು ನಿಜವಾದ ಉಳಿತಾಯದ ಸುಮಾರು ಒಂಬತ್ತು ಪಟ್ಟು ಕ್ರೆಡಿಟ್ ಪಡೆದಿವೆ ಎಂದರು. ಕಾರಣಗಳಲ್ಲಿ ಇವೆರಡೂ ಇದ್ದವು. ಹಳೆಯ ಒಲೆಯೂ ಉರಿಯುತ್ತಿರುತ್ತದೆ, ಮತ್ತೆ ಬೆಳೆಯುವ ಸೌದೆಯನ್ನೂ ಕಾಡಿನ ನಾಶ ಎಂದು ಎಣಿಸಿರುತ್ತಾರೆ.

ಹಾಗಾದರೆ ದುಡ್ಡು ವ್ಯರ್ಥವಾಯಿತೇ? ಖಂಡಿತ ಇಲ್ಲ. ಆ ಹೆಂಗಸಿನ ಕಣ್ಣುರಿ, ಕೆಮ್ಮು ಅರ್ಧ ಕಡಿಮೆ ಆಗಿದೆ. ತೋಟಕ್ಕೆ ಗೊಬ್ಬರ ಸಿಕ್ಕಿದೆ. ಅದು ಒಳ್ಳೆಯ ಕೆಲಸ, ತನ್ನಷ್ಟಕ್ಕೇ ಒಳ್ಳೆಯದು. ಅದನ್ನು ಸ್ಯಾನ್ ಫ್ರಾನ್ಸಿಸ್ಕೊದ ವಿಮಾನದ ಹೊಗೆಯಿಂದ ಕಳೆಯುವ ಅಗತ್ಯವೇ ಇಲ್ಲ. ಎರಡಕ್ಕೂ ಬೇರೆ ಬೇರೆ ಪುಟ ಇಟ್ಟೆವು. ಒಂದು ಪುಟದಲ್ಲಿ ಹಾರಿದ ಟನ್, ಇನ್ನೊಂದರಲ್ಲಿ ಕೊಟ್ಟ ದುಡ್ಡು ಮತ್ತು ಅದರಿಂದ ಕಣ್ಣಿಗೆ ಕಂಡ ಬದಲಾವಣೆ. ನಡುವೆ ಕಳೆಯುವ ಚಿಹ್ನೆ ಇಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ, ಬೇರೆಯವರು ಕೇಳಿದರೂ ಇದನ್ನೇ ಹೇಳುತ್ತೇನೆ.

ಅರವತ್ತು ಗಿಡವನ್ನೂ ರಾಯರು ಬಿಡಲಿಲ್ಲ. ಹಲಸು, ನೇರಳೆ, ಹೊಂಗೆ ತರಿಸಿ ನಿಲಯದ ಬದುವಿನ ಉದ್ದಕ್ಕೂ ಹಾಕಿಸಿದರು. ಬೋರ್‌ವೆಲ್ಲಿನ ಪೈಪು ಅಲ್ಲಿಯವರೆಗೆ ಎಳೆದಿದ್ದಾರೆ. ಎಂಟನೇ ಕ್ಲಾಸಿನ ಹುಡುಗರಿಗೆ ತಲಾ ಇಷ್ಟು ಗಿಡ ಎಂದು ಹಂಚಿಕೊಟ್ಟಿದ್ದಾರೆ. ಪತ್ರಿಕೆಯಲ್ಲಿ ಸರಿದೂಗಿಸುತ್ತಿದ್ದೇವೆ ಎಂಬ ಸಾಲು ಬರಲಿಲ್ಲ. ಅದರ ಜಾಗದಲ್ಲಿ ಶಿವಮೊಗ್ಗದ ಬಸ್ಸು ಎಲ್ಲಿಂದ, ಎಷ್ಟು ಗಂಟೆಗೆ ಹೊರಡುತ್ತದೆ, ಮಂಟಪಕ್ಕೆ ಹತ್ತಿರದ ಮೆಟ್ರೋ ನಿಲ್ದಾಣ ಯಾವುದು ಎಂದು ಹಾಕಿಸಿದರು.

ಈಗ ಮಗಳು ಬಸುರಿ. ಬಾಣಂತನಕ್ಕೆ ಅಮ್ಮ ಫ್ರಾಂಕ್‌ಫರ್ಟ್‌ಗೆ ಹೋಗಲೇಬೇಕು, ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಪ್ರವಾಸಿ ವೀಸಾದಲ್ಲಿ ತೊಂಬತ್ತೇ ದಿನ ಇರಬಹುದಾದ್ದರಿಂದ ಮೊದಲು ಅಮ್ಮ, ಆಮೇಲೆ ಬೀಗಿತ್ತಿ ಎಂದು ಸರದಿ ಮಾಡಿಕೊಂಡಿದ್ದಾರೆ. ರಾಯರೂ ಜೊತೆಗೆ ಹೋಗುವುದೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಹೋದರೆ ಅವರ 1.2 ಟನ್ನಿನ ದುಡ್ಡು ನಿಲಯದಲ್ಲಿ ಮುದ್ದೆ ಪಾತ್ರೆಗೆ ಸಾಲುವಂಥ ದೊಡ್ಡ ಬರ್ನರಿಗೆ ಎಂದು ಈಗಲೇ ಬರೆದಿಟ್ಟಿದ್ದಾರೆ.